ಬೆಳಕಿನ ಬೊಟ್ಟು ಹಿಡಿದು ಹಾರುವ ರಾಕೆಟ್

ಗಂಗೊಳ್ಳಿ ಅಳಿವೆಯಿಂದ, ಕೊಡೇರಿಯಿಂದ, ಕೋಡಿಬೆಂಗ್ರೆಯಿಂದ ನಿತ್ಯ ಕಡಲಿಗಿಳಿಯುವ ಫೈಬರ್ ದೋಣಿ ಎಷ್ಟು ದೊಡ್ಡದು? ಉದ್ದ ಎಂಟು-ಹತ್ತು ಮೀಟರು. ನೀರಿನ ಮೇಲೆ ಕಾಣುವುದು ಒಂದು ಮೀಟರಿನಷ್ಟು. ಉಕ್ಕಿನ ಕವಚವಿಲ್ಲ, ಗಾಜಿನ ನಾರು ಮತ್ತು ಅಂಟಿನ ತೆಳು ಗೋಡೆಯಷ್ಟೇ. ಇಂಥದ್ದೇ ಒಂದು ದೋಣಿಗೆ ಸ್ಫೋಟಕ ತುಂಬಿ ಹಡಗಿನ ಪಕ್ಕಕ್ಕೆ ತಂದರೆ ಏನಾಗುತ್ತದೆ ಎಂಬುದನ್ನು 2000ದ ಅಕ್ಟೋಬರ್ 12ರಂದು ಯೆಮನ್ನಿನ ಏಡನ್ ಬಂದರು ಕಂಡಿತು. ಅಮೆರಿಕದ ‘ಯುಎಸ್‌ಎಸ್ ಕೋಲ್’ ಎಂಬ ಯುದ್ಧನೌಕೆಯ ಮಗ್ಗುಲು ಬಿರಿದು 17 ನಾವಿಕರು ಸತ್ತರು.

ಅಂದಿನಿಂದ ಜಗತ್ತಿನ ನೌಕಾಪಡೆಗಳನ್ನೆಲ್ಲ ಒಂದು ಪ್ರಶ್ನೆ ಕಾಡುತ್ತಿದೆ. ಸಣ್ಣ, ವೇಗದ, ಕವಚವಿಲ್ಲದ ಗುರಿಗೆ ಯಾವುದರಿಂದ ಹೊಡೆಯುವುದು? ಬ್ರಹ್ಮೋಸ್‌ನಂಥ ಕ್ಷಿಪಣಿಯ ಸಿಡಿತಲೆಯೇ 200 ಕಿಲೋ ಮೀರುತ್ತದೆ; ಅದು ದೊಡ್ಡ ಹಡಗಿಗೆ ಹೇಳಿಸಿದ್ದು. ಫಿರಂಗಿಯ ಗುಂಡು ಅಲೆಯ ಮೇಲೆ ಜಿಗಿಯುವ ದೋಣಿಗೆ ದೂರದಿಂದ ತಾಗುವುದು ಕಷ್ಟ. ಹೆಲಿಕಾಪ್ಟರಿನಿಂದ ಬಿಡುವ ಸಾದಾ ರಾಕೆಟ್ ಅಗ್ಗವೇನೋ ಹೌದು. ಆದರೆ ಒಂದೆರಡು ಕಿಲೋಮೀಟರು ಹೋಗುವಷ್ಟರಲ್ಲಿ ಹತ್ತಾರು ಮೀಟರು ಅತ್ತಿತ್ತ ಸರಿದುಬಿಡುತ್ತದೆ. ಈ ಮೂರರ ನಡುವಿನ ತೆರಪನ್ನು ತುಂಬಲು ಬಂದದ್ದೇ ಕಡಿಮೆ ಖರ್ಚಿನ ಲೇಸರ್ ಕ್ಷಿಪಣಿ.

ಇದರ ತತ್ವ ನಮ್ಮೂರಿನವರಿಗೆ ಹೊಸದಲ್ಲ. ಮುಂಗಾರಿನ ಮೊದಲ ಮಳೆಗೆ ಗದ್ದೆಗೆ ಹತ್ತಿ ಬರುವ ಮೀನು ಕಡಿಯಲು ರಾತ್ರಿ ಹೊರಡುವಾಗ ಒಬ್ಬ ಟಾರ್ಚ್ ಬಿಡುತ್ತಾನೆ, ಇನ್ನೊಬ್ಬ ಕತ್ತಿ ಬೀಸುತ್ತಾನೆ. ಕತ್ತಿಯವನು ಮೀನನ್ನು ಹುಡುಕಬೇಕಿಲ್ಲ, ಬೆಳಕು ಬಿದ್ದಲ್ಲಿಗೆ ಕೈ ಹೋದರೆ ಸಾಕು. ಲೇಸರ್ ಕ್ಷಿಪಣಿಯಲ್ಲೂ ಇಬ್ಬರಿದ್ದಾರೆ. ಹೆಲಿಕಾಪ್ಟರಿನಲ್ಲೋ ಡ್ರೋನಿನಲ್ಲೋ ಇರುವ ಉಪಕರಣ ಗುರಿಯ ಮೇಲೆ ಲೇಸರ್ ಚುಕ್ಕೆ ಇಡುತ್ತದೆ. ಅಲ್ಲಿಂದ ಚೆದುರಿ ಬರುವ ಬೆಳಕನ್ನು ಹಿಡಿದು ಕ್ಷಿಪಣಿ ಅಲ್ಲಿಗೇ ಹೋಗುತ್ತದೆ.

ಆ ಬೆಳಕು ನಮ್ಮ ಕಣ್ಣಿಗೆ ಕಾಣುವಂಥದ್ದಲ್ಲ. ಅದರ ಅಲೆಯುದ್ದ 1,064 ನ್ಯಾನೋಮೀಟರ್, ಅಂದರೆ ಕೆಂಪಿನಾಚೆಯ ಅವಗೆಂಪು. ಅದು ಒಂದೇ ಸಮನೆ ಉರಿಯುವುದೂ ಇಲ್ಲ. ಸೆಕೆಂಡಿಗೆ ಹತ್ತಿಪ್ಪತ್ತು ಸಲ, ಕಣ್ಣೆವೆ ಮಿಟುಕಿಸುವುದಕ್ಕಿಂತ ಲಕ್ಷಾಂತರ ಪಟ್ಟು ಕಿರಿದಾದ ಮಿಂಚುಗಳಾಗಿ ಹೊಮ್ಮುತ್ತದೆ. ಮಿಂಚು ಮಿಂಚಿನ ನಡುವಿನ ಬಿಡುವೇ ಗುಟ್ಟಿನ ಸಂಕೇತ. ಹಾರುವ ಮೊದಲೇ ಕ್ಷಿಪಣಿಗೆ ಆ ಸಂಕೇತವನ್ನು ಹೇಳಿಟ್ಟಿರುತ್ತಾರೆ. ಹಾಗಾಗಿ ಒಂದೇ ಕಡಲಿನಲ್ಲಿ ಎರಡು ಚುಕ್ಕೆಗಳಿದ್ದರೂ ಅದು ತನ್ನದನ್ನು ಬಿಟ್ಟು ಬೇರೆಯದರ ಹಿಂದೆ ಹೋಗುವುದಿಲ್ಲ.

ಬೆಳಕು ಹಿಡಿಯುವ ಕಣ್ಣಿನ ರಚನೆ ಇನ್ನೂ ಸರಳ. ಮಸೂರದ ಹಿಂದೆ ಸಿಲಿಕಾನಿನ ದುಂಡು ಬಿಲ್ಲೆ. ಅದನ್ನು ನಾಲ್ಕು ಸಮ ಹೋಳು ಮಾಡಿರುತ್ತಾರೆ. ಬೆಳಕು ನಟ್ಟನಡುವೆ ಬಿದ್ದರೆ ನಾಲ್ಕೂ ಹೋಳುಗಳಿಂದ ಸಮನಾದ ವಿದ್ಯುತ್ ಬರುತ್ತದೆ, ದಾರಿ ನೇರವಾಗಿದೆ ಎಂದರ್ಥ. ಬಲಗಡೆಯ ಹೋಳುಗಳಲ್ಲಿ ಹೆಚ್ಚು ಬಂದರೆ ಗುರಿ ಒಂದು ಪಕ್ಕಕ್ಕೆ ಸರಿದಿದೆ. ಕೂಡಲೇ ಪುಟ್ಟ ರೆಕ್ಕೆಗಳು ಹೊರಳುತ್ತವೆ, ಮೂತಿ ತಿರುಗುತ್ತದೆ. ಚಿತ್ರ ಗುರುತಿಸುವ ಕ್ಯಾಮೆರಾ ಬೇಡ, ರೇಡಾರ್ ಬೇಡ. ಅಗ್ಗದ ಗುಟ್ಟಿನ ಅರ್ಧ ಭಾಗ ಇಲ್ಲಿದೆ.

ಉಳಿದ ಅರ್ಧ ಹಳೆಯ ರಾಕೆಟ್ಟಿನಲ್ಲಿದೆ. ದಶಕಗಳಿಂದ ರಾಶಿ ರಾಶಿಯಾಗಿ ತಯಾರಾಗುತ್ತಿರುವ 70 ಮಿ.ಮೀ. ದಪ್ಪದ ರಾಕೆಟ್ಟನ್ನು ಅಮೆರಿಕದವರು ಬಿಚ್ಚಿ, ಮೋಟಾರು ಮತ್ತು ಸಿಡಿತಲೆಯ ನಡುವೆ ಸುಮಾರು ಒಂದೂವರೆ ಅಡಿ ಉದ್ದದ ಹೊಸ ಭಾಗವೊಂದನ್ನು ಸೇರಿಸಿದರು. ಅದೇ ‘ಎಪಿಕೆಡಬ್ಲ್ಯುಎಸ್’. ಮೂತಿಯಲ್ಲಿ ಕಣ್ಣಿಟ್ಟರೆ ಸಿಡಿತಲೆಯನ್ನೇ ಬದಲಿಸಬೇಕಾಗುತ್ತದೆ ಎಂದು ಕಣ್ಣುಗಳನ್ನು ನಾಲ್ಕು ರೆಕ್ಕೆಗಳಲ್ಲಿ ಕೂರಿಸಿದರು. ಕೊಳವೆಯೊಳಗಿದ್ದಾಗ ರೆಕ್ಕೆಗಳು ಮಡಚಿಕೊಂಡು ಸೀಳಿನೊಳಗೆ ಅಡಗಿರುವುದರಿಂದ ಪಕ್ಕದ ರಾಕೆಟ್ಟಿನ ಹೊಗೆ ಮಸೂರಕ್ಕೆ ಮೆತ್ತುವುದಿಲ್ಲ. ಹೊರಬಿದ್ದ ಮೇಲೆ ರೆಕ್ಕೆ ಬಿಚ್ಚುತ್ತದೆ, ಕಣ್ಣು ತೆರೆಯುತ್ತದೆ. ಬೆಲೆ 25 ಸಾವಿರ ಡಾಲರಿನ ಆಸುಪಾಸು. ಟ್ಯಾಂಕ್ ಒಡೆಯಲೆಂದು ಮಾಡಿದ ಹೆಲ್‌ಫೈರ್ ಕ್ಷಿಪಣಿಗೆ ಒಂದು ಲಕ್ಷ ಡಾಲರಿಗೂ ಹೆಚ್ಚು. ಜೀಪು, ರೇಡಾರ್ ಕಂಬ, ಫೈಬರ್ ದೋಣಿಗಳಿಗೆ ನಾಲ್ಕೈದು ಕಿಲೋ ಸಿಡಿತಲೆಯೇ ಸಾಕಾಗುವಾಗ ಟ್ಯಾಂಕಿನ ಮದ್ದು ಯಾಕೆ ಎಂಬುದು ಇದರ ಲೆಕ್ಕಾಚಾರ.

ಬ್ರಿಟನ್ನಿನ ‘ಎಲ್‌ಎಂಎಂ’ ಕ್ಷಿಪಣಿಯದು ಬೇರೆ ಹಾದಿ. ತೂಕ 13 ಕಿಲೋ, ಸಿಡಿತಲೆ 3 ಕಿಲೋ, ಹಾರುವ ದೂರ 6 ಕಿ.ಮೀ. ದಾಟುತ್ತದೆ. ಇದರ ಕಣ್ಣು ಬೆನ್ನಹಿಂದಿದೆ! ಗುರಿಯಿಂದ ಮರಳುವ ಬೆಳಕನ್ನು ಅದು ನೋಡುವುದಿಲ್ಲ. ಉಡಾಯಿಸಿದವನು ಹಿಂದಿನಿಂದ ಬಿಡುವ ಕಿರಣದ ಒಳಗೇ ಹಾರುತ್ತದೆ. ಕಿರಣದ ನಡುವಿನಿಂದ ತಾನೆಷ್ಟು ಸರಿದೆ ಎಂದು ಕ್ಷಣಕ್ಷಣಕ್ಕೂ ಅಳೆದುಕೊಂಡು ತಿದ್ದಿಕೊಳ್ಳುತ್ತದೆ. ಗುರಿ ಇರುವುದು ಮುಂದೆ, ಕಣ್ಣಿರುವುದು ಹಿಂದೆ; ಎದುರಾಳಿ ಅದರ ಕಣ್ಣು ಕಟ್ಟುವುದು ಬಹಳ ಕಷ್ಟ. ಭಾರತ ಸೇನೆಗೆಂದು ಇದನ್ನು ಕೊಳ್ಳುವ 35 ಕೋಟಿ ಪೌಂಡುಗಳ ಒಪ್ಪಂದ 2025ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಅಮೆರಿಕದ 70 ಮಿ.ಮೀ. ಲೇಸರ್ ರಾಕೆಟ್ ಕೂಡ ನಮ್ಮ ನೌಕಾಪಡೆ ಕೊಂಡ 24 ರೋಮಿಯೋ ಹೆಲಿಕಾಪ್ಟರುಗಳಿಗೆ 2019ರಲ್ಲಿ ಸಿಕ್ಕ ಒಪ್ಪಿಗೆಯ ಪಟ್ಟಿಯಲ್ಲಿತ್ತು. ಆ ಹೆಲಿಕಾಪ್ಟರುಗಳ ಮೊದಲ ದಳ 2024ರ ಮಾರ್ಚಿನಲ್ಲಿ ಕೊಚ್ಚಿಯಲ್ಲಿ ಸೇರ್ಪಡೆಯಾಯಿತು.

ಲೇಸರ್ ಗುರಿಗಾರಿಕೆಯಲ್ಲಿ ಕರ್ನಾಟಕಕ್ಕೆ ತನ್ನದೇ ಪಾಲಿದೆ. ಕಾರ್ಗಿಲ್ ಯುದ್ಧದಲ್ಲಿ, 1999ರ ಜೂನ್ 24ರಂದು, ಮಿರಾಜ್ ವಿಮಾನಗಳು ಟೈಗರ್ ಹಿಲ್ ಮೇಲೆ ಲೇಸರ್ ಬಾಂಬ್ ಹಾಕಿದಾಗ ಆ ಉಪಕರಣ ಪರದೇಶದ್ದಾಗಿತ್ತು. ಅನಂತರ ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ, ಎಡಿಇ, ‘ಸುದರ್ಶನ’ ಎಂಬ ಸ್ವದೇಶಿ ಲೇಸರ್ ಕಿಟ್ ರೂಪಿಸಿತು. 450 ಕಿಲೋ ತೂಕದ ಸಾದಾ ಬಾಂಬಿನ ಮೂತಿಗೆ ಕಣ್ಣು, ಬಾಲಕ್ಕೆ ರೆಕ್ಕೆ. ಎಚ್‌ಎಎಲ್ ತಯಾರಿಸುವ ಪ್ರಚಂಡ್ ಹೆಲಿಕಾಪ್ಟರಿನ ಆಯುಧಗಳಲ್ಲೂ 70 ಮಿ.ಮೀ. ರಾಕೆಟ್ ಒಂದು, ಬೆಂಗಳೂರು-ತುಮಕೂರುಗಳಲ್ಲಿ ಅಂಥ 156 ಹೆಲಿಕಾಪ್ಟರು ಕಟ್ಟಲು 2025ರ ಮಾರ್ಚಿನಲ್ಲಿ ಆದೇಶ ಸಿಕ್ಕಿದೆ. ಆ ಗಾತ್ರದ ರಾಕೆಟ್ಟಿಗೆ ಕಣ್ಣು ಕೊಡುವ ಕೆಲಸಕ್ಕೆ ಬೇಕಾದ ನೆಲ ಇಲ್ಲಿ ಹದವಾಗಿಯೇ ಇದೆ.

ಆದರೆ ಈ ಬೆಳಕಿಗೂ ಮಿತಿಗಳಿವೆ, ಅವು ನಮ್ಮ ಕಡಲಿನಲ್ಲಿ ಎದ್ದು ಕಾಣುತ್ತವೆ. ಕಿರಣ ಸಾಗಿದಷ್ಟೂ ಹರಡುತ್ತದೆ. ಕಿಲೋಮೀಟರಿಗೆ 30 ಸೆಂಟಿಮೀಟರು ಹರಡಿದರೂ ಐದು ಕಿಲೋಮೀಟರಿನಲ್ಲಿ ಚುಕ್ಕೆಯ ಅಗಲ ಒಂದೂವರೆ ಮೀಟರು. ದೋಣಿ ನೀರಿನ ಮೇಲಿರುವುದೇ ಒಂದು ಮೀಟರು. ಉಳಿದ ಬೆಳಕು ಹಿಂದಿನ ಅಲೆಗೆ ಚೆಲ್ಲುತ್ತದೆ. ನಯವಾದ ನೀರು ಅದನ್ನು ಬೇರೆತ್ತಲೋ ಎರಚುತ್ತದೆ, ನೊರೆ ಎದ್ದರೆ ನೊರೆಯೇ ಹೊಳೆಯುತ್ತದೆ. ಮೋಡ ತಗ್ಗಿ ಮಳೆ ಹಿಡಿದರೆ ಕಿರಣ ನಡುದಾರಿಯಲ್ಲೇ ಸೊರಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಟ್ರಾಲ್, ಪರ್ಸೀನ್ ಬೋಟುಗಳೆಲ್ಲ ದಡದಲ್ಲಿರುತ್ತವೆ. ಕಡಲಿಗಿಳಿಯುವುದು ನಾಡದೋಣಿಗಳು ಮಾತ್ರ. ಎಂದರೆ ಲೇಸರಿಗೂ ಮನುಷ್ಯನ ಕಣ್ಣಿಗೂ ಅತಿ ಮಸುಕಾದ ಎರಡು ತಿಂಗಳಲ್ಲಿ ನೀರಿನ ಮೇಲಿರುವುದು ಅತಿ ಸಣ್ಣ ದೋಣಿ.

ಎಲ್ಲಕ್ಕಿಂತ ದೊಡ್ಡ ಮಿತಿ ಬೇರೆಯೇ. ಚುಕ್ಕೆ ‘ಎಲ್ಲಿ’ ಎಂದು ಹೇಳಬಲ್ಲದು, ‘ಯಾರು’ ಎಂದು ಹೇಳಲಾರದು. 2008ರಲ್ಲಿ ಮುಂಬಯಿಗೆ ಭಯೋತ್ಪಾದಕರನ್ನು ತಂದದ್ದು ಗುಜರಾತಿನ ಮೀನುಗಾರರಿಂದ ಕಸಿದುಕೊಂಡ ‘ಕುಬೇರ್’ ಬೋಟು. ಹೊರಗಿನಿಂದ ನೋಡಿದರೆ ಅದು ಮೀನಿನ ಬೋಟೇ. 2012ರ ಫೆಬ್ರವರಿ 15ರಂದು ಕೇರಳದ ಕರಾವಳಿಯಾಚೆ ‘ಎನ್ರಿಕಾ ಲೆಕ್ಸಿ’ ಎಂಬ ಇಟಲಿಯ ಹಡಗಿನ ಕಾವಲಿನವರು ಕಡಲ್ಗಳ್ಳರೆಂದು ತಿಳಿದು ಇಬ್ಬರು ಮೀನುಗಾರರನ್ನು ಗುಂಡಿಟ್ಟು ಕೊಂದರು. ಮೊದಲನೆಯದರಲ್ಲಿ ವೈರಿ ಮೀನುಗಾರನಂತೆ ಕಂಡ, ಎರಡನೆಯದರಲ್ಲಿ ಮೀನುಗಾರ ವೈರಿಯಂತೆ ಕಂಡ. ಗುಂಡಿನ ಜಾಗದಲ್ಲಿ ಲೇಸರ್ ರಾಕೆಟ್ ಇದ್ದಿದ್ದರೆ ಆ ತಪ್ಪು ತಿದ್ದಿಹೋಗುತ್ತಿರಲಿಲ್ಲ. ಗುರಿ ತಪ್ಪದ ಆಯುಧದಲ್ಲಿ ಗುರುತಿನ ತಪ್ಪಿಗೆ ಮಾಫಿಯಿಲ್ಲ. ಆಯುಧ ಅಗ್ಗವಾದಷ್ಟೂ ಅದನ್ನು ಬಳಸುವ ಕೈ ಹಿಂಜರಿಯುವುದು ಕಡಿಮೆಯಾಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಆದ್ದರಿಂದ ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್ ನನಗೆ ರಾಕೆಟ್ಟಿನಷ್ಟೇ ಮುಖ್ಯವಾಗಿ ಕಾಣುತ್ತದೆ. ದೇಶದ ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಅದನ್ನು ಅಳವಡಿಸುವ ಯೋಜನೆಗೆ 2024ರ ಆಗಸ್ಟ್ 30ರಂದು ಚಾಲನೆ ಸಿಕ್ಕಿತು. ಅಪಾಯದಲ್ಲಿ ದಡಕ್ಕೆ ಸುದ್ದಿ ಮುಟ್ಟಿಸುವ, ಹವಾಮಾನದ ಎಚ್ಚರಿಕೆ ತಲುಪಿಸುವ ಆ ಪೆಟ್ಟಿಗೆ, ‘ಇದು ನಮ್ಮವರ ದೋಣಿ’ ಎಂದು ಉಪಗ್ರಹದ ಮೂಲಕ ಸಾರಲೂಬಲ್ಲದು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಪ್ರತಿ ಯಾಂತ್ರಿಕ ಬೋಟಿಗೂ, ಎಂಜಿನ್ನಿರುವ ಪ್ರತಿ ನಾಡದೋಣಿಗೂ ಅದು ಸಿಗಬೇಕು, ಮಳೆಗಾಲದಲ್ಲೂ ಕೆಟ್ಟು ಕೂರದೆ ನಡೆಯಬೇಕು. ರಾಕೆಟ್ಟಿಗೆ ಕಣ್ಣು ಕೊಡಲು ದೇಶ ಕೋಟಿಗಟ್ಟಲೆ ಸುರಿಯುತ್ತಿದೆ, ಸುರಿಯಲಿ. ಅದೇ ಕಡಲಿನಲ್ಲಿ ಬಲೆ ಬಿಡುವವರಿಗೆ ಗುರುತು ಕೊಡುವ ಖರ್ಚನ್ನೂ ರಕ್ಷಣೆಯ ಲೆಕ್ಕಕ್ಕೇ ಬರೆಯಬೇಕು.