ಐದಕ್ಷರದ ಸಾಕ್ಷ್ಯ

ಜೀವಮಾನವೆಲ್ಲ ಹಳಗನ್ನಡ ಪದ್ಯಗಳಿಗೆ ಅನ್ವಯ ಹೇಳಿಕೊಂಡು ಬಂದವನೊಬ್ಬ ಮೋಟಾರು ಎಂಜಿನ್ನಿನ ವಿಷಯವಾಗಿ ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಕಾರು ನನಗೊಂದು ಪಾಠ ಕಲಿಸಿತು. ಅದು ನನ್ನ ವೃತ್ತಿಗೆ ತೀರ ಹೊರಗಿನದೂ ಅಲ್ಲ.

ನಾನಿರುವುದು ದೊಡ್ಡನೆಕ್ಕುಂದಿಯಲ್ಲಿ. ಒಂದು ಸಂಜೆ ಹೊರವರ್ತುಲ ರಸ್ತೆಯ ವಾಹನಸಂದಣಿಯಲ್ಲಿ ಸಿಕ್ಕಿಕೊಂಡಿದ್ದಾಗ ಕಾರು ಚಳಿಜ್ವರ ಬಂದವರಂತೆ ನಡುಗತೊಡಗಿತು. ಎದುರಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪ ಹೊತ್ತಿಕೊಂಡಿತು. ಮರುದಿನ ಒಂದು ಗ್ಯಾರೇಜಿನವರು ಸ್ಟೀರಿಂಗಿನ ಕೆಳಗಿರುವ ಹದಿನಾರು ಪಿನ್ನುಗಳ ಕಿಂಡಿಗೆ ಚಿಕ್ಕದೊಂದು ಉಪಕರಣವನ್ನು ಸಿಕ್ಕಿಸಿದರು. ಅದರ ಪರದೆಯ ಮೇಲೆ 'ಪಿ 0302' ಎಂದು ಮೂಡಿತು. "ಕಂಪ್ಯೂಟರೇ ಹೇಳ್ತಿದೆಯಲ್ಲ ಸಾರ್" ಎಂದು, ನಾಲ್ಕು ಪ್ಲಗ್ಗು, ನಾಲ್ಕು ಕಾಯಿಲು, ನಾಲ್ಕು ಇಂಜೆಕ್ಟರುಗಳನ್ನು ಬದಲಾಯಿಸಲು 30,000 ರೂಪಾಯಿಗಳ ಅಂದಾಜುಪಟ್ಟಿ ಕೈಗಿತ್ತರು. ನಿವೃತ್ತಿವೇತನದ ಮೇಲೆ ಬದುಕುವವನಿಗೆ ಅದು ಸಣ್ಣ ಮೊತ್ತವಲ್ಲ. ಯೋಚಿಸಿ ಹೇಳುತ್ತೇನೆಂದು ಹೊರಟುಬಂದೆ.

ಕಂಪ್ಯೂಟರು ನಿಜವಾಗಿ ಹೇಳಿದ್ದೇನು? ಈ ಸಂಕೇತಕ್ಕೂ ಒಂದು ವ್ಯಾಕರಣವಿದೆ. ಮೊದಲಿನ 'ಪಿ' ಎಂದರೆ ಎಂಜಿನ್ನು ಮತ್ತು ಗೇರು ವ್ಯವಸ್ಥೆ. ಅನಂತರದ ಸೊನ್ನೆ, ಇದು ಎಲ್ಲ ತಯಾರಕರಿಗೂ ಸಮಾನವಾದ ಸಂಕೇತವೆಂದು ಸೂಚಿಸುತ್ತದೆ. ಮೂರನೆಯ ಸ್ಥಾನದ 3 ಎಂಬುದು ಕಿಡಿ ಹೊತ್ತಿಸುವ ವ್ಯವಸ್ಥೆ ಹಾಗೂ ಉರಿ ತಪ್ಪುವ ದೋಷಗಳ ವರ್ಗ. ಕೊನೆಯ 02, ಎರಡನೆಯ ಸಿಲಿಂಡರು. ಒಟ್ಟು ವಾಕ್ಯಾರ್ಥ ಇಷ್ಟು: ಎರಡನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ನಮ್ಮ ಮೆಕಾನಿಕ್ಕುಗಳ ಮಾತಿನಲ್ಲಿ, 'ಮಿಸ್ಸಿಂಗ್ ಇದೆ'. ಏಕೆ ಉರಿಯುತ್ತಿಲ್ಲ ಎಂಬ ಪ್ರಶ್ನೆಗೆ ಈ ವಾಕ್ಯದಲ್ಲಿ ಉತ್ತರವಿಲ್ಲ.

ಅದಿರಲೂ ಸಾಧ್ಯವಿಲ್ಲ. ಕಂಪ್ಯೂಟರು ಉರಿಯನ್ನು ಕಣ್ಣಾರೆ ಕಾಣುವುದಿಲ್ಲ. ಕ್ರ್ಯಾಂಕ್ ದಂಡದ ವೇಗವನ್ನು ಅಳೆದು ಊಹಿಸುತ್ತದೆ. ಆ ದಂಡ ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿಯೊಂದು ಸಿಲಿಂಡರಿನಲ್ಲಿಯೂ ಒಮ್ಮೆ ಇಂಧನ ಉರಿದು ಅದನ್ನು ಮುಂದಕ್ಕೆ ತಳ್ಳುತ್ತದೆ. ನಿಂತ ಕಾರಿನ ಎಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ, ಒಂದೊಂದು ಸಿಲಿಂಡರಿನಲ್ಲಿ 400 ಉರಿ. ಒಂದು ಸಿಲಿಂಡರು ತನ್ನ ಸರದಿಯನ್ನು ತಪ್ಪಿಸಿದರೆ ದಂಡ ಕ್ಷಣಕಾಲ ಹಿಂದೆ ಬೀಳುತ್ತದೆ. ಆ ಎಡವನ್ನೇ ನಾವು ನಡುಕವಾಗಿ ಅನುಭವಿಸುತ್ತೇವೆ. ಎಡವಿದ್ದು ಯಾರ ಸರದಿಯಲ್ಲಿ ಎಂದು ಕಂಪ್ಯೂಟರು ಬರೆದಿಡುತ್ತದೆ. ಕಾರಣ ಕಿಡಿ ಹೊಮ್ಮಿಸುವ ಪ್ಲಗ್ಗಿರಬಹುದು; ಬ್ಯಾಟರಿಯ 12 ವೋಲ್ಟನ್ನು ಸಾವಿರಾರು ವೋಲ್ಟಿಗೇರಿಸುವ ಕಾಯಿಲಿರಬಹುದು; ಇಂಧನ ಸಿಂಪಡಿಸುವ ಇಂಜೆಕ್ಟರೋ, ಒತ್ತಡ ಸೋರುವ ಕವಾಟವೋ ಇರಬಹುದು.

ಇದನ್ನು ನನಗೆ ತಿಳಿಯಹೇಳಿದವರು ನಮ್ಮ ಬಡಾವಣೆಯಲ್ಲೇ ಸಣ್ಣ ಷೆಡ್ಡಿನಲ್ಲಿ ಕೆಲಸ ಮಾಡುವ ಹಿರಿಯ ಮೆಕಾನಿಕ್ಕೊಬ್ಬರು. "ಇರಿ ಮೇಷ್ಟ್ರೇ, ಮೊದಲು ಅದನ್ನೇ ಕೇಳೋಣ" ಎಂದು, ಎರಡನೆಯ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೂ ಮೂರನೆಯದನ್ನು ಎರಡನೆಯದಕ್ಕೂ ಅದಲುಬದಲು ಮಾಡಿದರು. ಹಳೆಯ ಸಂಕೇತವನ್ನು ಅಳಿಸಿ ಎಂಜಿನ್ನನ್ನು ಓಡಲು ಬಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಹೊಸ ಸಂಕೇತ ಬಂತು: ಪಿ 0303. ದೋಷ ಕಾಯಿಲಿನೊಡನೆ ಸ್ಥಳಾಂತರ ಹೊಂದಿತ್ತು! ಅದು ಎರಡನೆಯದರಲ್ಲೇ ಉಳಿದಿದ್ದರೆ ಪ್ಲಗ್ಗು, ಇಂಜೆಕ್ಟರು, ಒತ್ತಡ ಎಂದು ಒಂದೊಂದಾಗಿ ಪರೀಕ್ಷಿಸಬೇಕಾಗುತ್ತಿತ್ತು. ಪಿ 0300 ಎಂದು ಬಂದರೆ ಎಡವುತ್ತಿರುವುದು ಒಂದೇ ಸಿಲಿಂಡರಲ್ಲವೆಂದರ್ಥ. ಅದರ ಜೊತೆಗೆ ಇಂಧನದ ಪಾಲು ಕಡಿಮೆಯೆನ್ನುವ ಪಿ 0171 ಕೂಡ ಇದ್ದರೆ, ಎಲ್ಲಕ್ಕೂ ಸಮಾನವಾದ ಗಾಳಿಯ ಸೋರಿಕೆಯನ್ನೋ ಇಂಧನದ ಒತ್ತಡವನ್ನೋ ಶಂಕಿಸಬೇಕು. ನಮ್ಮ ಕಾರಿಗೆ ಬೇಕಾದದ್ದು ಒಂದೇ ಒಂದು ಕಾಯಿಲು.

ಈ ದೀಪದ ಹುಟ್ಟಿನ ಬಗೆಗೂ ಒಂದು ಮಾತು. ಇದಕ್ಕೆ ಮೂಲ ಪ್ರೇರಣೆ ಊರಿನ ಗಾಳಿಯ ಕಾಳಜಿ. ಹೊಗೆಮಂಜಿನಿಂದ ಬಳಲಿದ ಕ್ಯಾಲಿಫೋರ್ನಿಯ ಹಾಕಿಕೊಟ್ಟ ದಾರಿಯಲ್ಲಿ ಅಮೆರಿಕ ದೇಶವು 1996ರ ಮಾದರಿಯ ಕಾರುಗಳಿಂದ ಈ ಏಕರೂಪದ ಸಂಕೇತಪದ್ಧತಿಯನ್ನು ಕಡ್ಡಾಯಗೊಳಿಸಿತು. ನಮ್ಮಲ್ಲಿ ಭಾರತ್ ಸ್ಟೇಜ್ ನಿಯಮಗಳೊಡನೆ 2010ರಿಂದೀಚೆಗೆ ಹಂತಹಂತವಾಗಿ ಬಂತು. ಆದುದರಿಂದಲೇ ದೀಪ ಮಿನುಗತೊಡಗಿದರೆ ಉದಾಸೀನ ಕೂಡದು. ಉರಿಯದ ಪೆಟ್ರೋಲು ಹೊಗೆಕೊಳವೆಯನ್ನು ಸೇರಿ, ಅಲ್ಲಿ ವಿಷಾನಿಲಗಳನ್ನು ಶೋಧಿಸುವ ಕೆಟಲಿಟಿಕ್ ಕನ್ವರ್ಟರನ್ನು ಅತಿಯಾಗಿ ಕಾಯಿಸಿ ಹಾಳುಮಾಡುತ್ತದೆ. ಕಾಯಿಲಿಗಿಂತ ಅದು ಬಹಳ ದುಬಾರಿ. ದೀಪ ಮಿನುಗುತ್ತಿದ್ದರೆ ಕಾರನ್ನು ಪಕ್ಕಕ್ಕೆ ನಿಲ್ಲಿಸುವುದೇ ಲೇಸು.

ತಾಳೆಯೋಲೆಯಲ್ಲಿ ಅಕ್ಷರವೊಂದು ಸ್ಫುಟವಾಗಿ ಕಂಡಮಾತ್ರಕ್ಕೆ ಅರ್ಥ ನಿರ್ಣಯವಾಗುವುದಿಲ್ಲ. ಇನ್ನೊಂದು ಪ್ರತಿಯೊಡನೆ ಹೋಲಿಸಿ ನೋಡಬೇಕೆಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಆ ಹಿರಿಯರು ಕಾಯಿಲುಗಳನ್ನು ಅದಲುಬದಲು ಮಾಡಿದಾಗ ನಡೆದದ್ದೂ ಪಾಠಾಂತರಗಳ ಪರಿಶೀಲನೆಯೇ. ನಾನಾದರೋ, ಯಂತ್ರದ ಮಾತೆಂಬ ಭಯಭಕ್ತಿಯಿಂದ, ಸಾಕ್ಷ್ಯವನ್ನೇ ತೀರ್ಪೆಂದು ಭಾವಿಸಿ ಹಣ ತೆರುವವನಿದ್ದೆ. ನಿಮ್ಮ ಕಾರೂ ಎಂದಾದರೂ ಹೀಗೆ ನಡುಗಿದರೆ, ಅಂದಾಜುಪಟ್ಟಿಗೆ ಒಪ್ಪುವ ಮೊದಲು ಎರಡು ಪ್ರಶ್ನೆ ಕೇಳಿ: ಬಂದ ಸಂಕೇತ ಯಾವುದು? ಕಾರಣ ಇದೇ ಎಂದು ಯಾವ ಪರೀಕ್ಷೆಯಿಂದ ಕಂಡುಕೊಂಡಿರಿ? ಎರಡನೆಯದಕ್ಕೆ ನೇರವಾಗಿ ಉತ್ತರ ಕೊಡುವವರ ಕೈಗೆ ಕಾರನ್ನು ಒಪ್ಪಿಸಬಹುದು.