ಬೇಲಿಯ ಅಳತೆ, ನೆಲದ ಅಳತೆ

ತೋಟವೊಂದನ್ನು ಕೊಳ್ಳಹೋದವನು ಮೊದಲು ಅದರ ಸುತ್ತ ಒಂದು ಸಲ ನಡೆದು ಬರುವನು. ಬಂದವನು, "ತೋಟ ದೊಡ್ಡದೇ ಸರಿ, ಸುತ್ತಿ ಬರುವುದರಲ್ಲಿ ಕಾಲು ಸೋತುಹೋಯಿತು" ಎನ್ನುವನು. ಅವನ ಕಾಲು ಅಳೆದದ್ದು ಬೇಲಿಯನ್ನು. ಅವನು ಹಣ ಕೊಡಬೇಕಾದದ್ದು ನೆಲಕ್ಕೆ. ಬೇಲಿಯ ಉದ್ದಕ್ಕೆ ಸುತ್ತಳತೆಯೆಂದೂ ಅದರೊಳಗಿನ ನೆಲದ ವಿಸ್ತಾರಕ್ಕೆ ಕ್ಷೇತ್ರಫಲವೆಂದೂ ಹೆಸರು. ಮಾಧ್ಯಮಿಕ ಶಾಲೆಯಲ್ಲಿ ನಾವೆಲ್ಲರೂ ಕಲಿತು ಮರೆತಿರುವ ಈ ಭೇದವನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಅಡಿಕೆ ತೋಟಗಳಲ್ಲಿ ನಿಂತು ಮತ್ತೊಮ್ಮೆ ವಿಚಾರಿಸೋಣ.

ನಮ್ಮಲ್ಲಿ 480 ಅಡಿ ತಂತಿ ಇದೆಯೆಂದು ಭಾವಿಸೋಣ. ಅದರಿಂದ 120 ಅಡಿ ಭುಜದ ಚೌಕವನ್ನು ಸುತ್ತಿದರೆ ಒಳಗೆ 14,400 ಚದರಡಿ ನೆಲ ದೊರೆಯುವುದು. ಅದೇ ತಂತಿಯನ್ನು 200 ಅಡಿ ಉದ್ದ, 40 ಅಡಿ ಅಗಲದ ಪಟ್ಟಿಗೆ ಸುತ್ತಿದರೆ ದೊರೆಯುವುದು 8,000 ಚದರಡಿ ಮಾತ್ರ. ಗುಂಟೆಯೆಂದರೆ 33 ಅಡಿ ಭುಜದ ಚೌಕ, ಅಂದರೆ 1,089 ಚದರಡಿ. ಅಂತಹ 40 ಸೇರಿದರೆ ಒಂದು ಎಕರೆ. ಆದುದರಿಂದ ಮೊದಲನೆಯ ನೆಲ 13 ಗುಂಟೆಗೆ ತುಸು ಮೇಲೆ. ಎರಡನೆಯದು ಏಳೂವರೆ ಗುಂಟೆಗೂ ಕಡಮೆ. ಬೇಲಿ ಮಾತ್ರ ಎರಡಕ್ಕೂ ಒಂದೇ.

ಮಲೆನಾಡಿನಲ್ಲಿ ಇದು ಬರಿಯ ಲೆಕ್ಕದ ಮಾತಲ್ಲ. ಇಲ್ಲಿಯ ತೋಟಗಳು ಎರಡು ಗುಡ್ಡಗಳ ಸಂದಿನಲ್ಲಿ ಹಳ್ಳವನ್ನು ಅನುಸರಿಸಿ ನೀಳವಾಗಿ, ಕಿರಿದಾಗಿ ಹಬ್ಬಿರುವುದು ಹೆಚ್ಚು. ತಂತಿ, ಕಂಬ, ಅಗಳು ತೋಡುವ ಕೂಲಿ ಇವು ಸುತ್ತಳತೆಯನ್ನು ಹಿಂಬಾಲಿಸುವುವು. ಗಿಡ, ಗೊಬ್ಬರ, ಫಸಲು ಇವು ಕ್ಷೇತ್ರಫಲವನ್ನು. ಹೀಗಾಗಿ ಕಣಿವೆಯ ತೋಟದವನು ಗುಂಟೆಯೊಂದಕ್ಕೆ ಬಯಲುಸೀಮೆಯ ಚೌಕ ಹೊಲದವನಿಗಿಂತ ಹೆಚ್ಚು ಬೇಲಿಯನ್ನು ಕಟ್ಟಬೇಕಾಗುವುದು.

ಇನ್ನು ಓರೆಯಾದ ನೆಲದ ಮಾತು. ನಾಲ್ಕು ಅಂಚುಗಳನ್ನು ಅಳೆದು, ಎದುರುಬದಿರಿನ ಅಂಚುಗಳ ಸರಾಸರಿ ತೆಗೆದು, ಆ ಎರಡು ಸರಾಸರಿಗಳನ್ನು ಗುಣಿಸುವ ಒಂದು ಹಳೆಯ ಕ್ರಮವುಂಟು. ಸುಮಾರು 850ರಲ್ಲಿ, ನೃಪತುಂಗನ ಆಳ್ವಿಕೆಯಲ್ಲಿ, ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು ಇದನ್ನು ವ್ಯಾವಹಾರಿಕ ಫಲವೆಂದು ಕರೆದು, ಸೂಕ್ಷ್ಮ ಫಲವನ್ನು ಬೇರೆಯಾಗಿಯೇ ಹೇಳಿದ್ದಾನೆ. ಆಯತಾಕಾರದ ನೆಲದಲ್ಲಿ ಎರಡೂ ಒಂದೇ. ಬೇರೆ ಯಾವ ಚತುರ್ಭುಜದಲ್ಲಿಯೂ ವ್ಯಾವಹಾರಿಕ ಫಲವು ನಿಜಕ್ಕಿಂತ ಹೆಚ್ಚೇ ಹೊರತು ಕಡಮೆಯಾಗದು. ಅಂದರೆ ಈ ತಪ್ಪು ಎಂದಿಗೂ ಮಾರುವವನ ಕಡೆಗೇ ವಾಲುವುದು.

ಎಷ್ಟು ವಾಲುವುದೆಂಬುದನ್ನು ನೋಡೋಣ. ತೋಟವೊಂದರ ಎದುರುಬದಿರಿನ ಅಂಚುಗಳು ಸಮಾನವಾಗಿ, ಒಂದು ಜೊತೆ 150 ಅಡಿ, ಮತ್ತೊಂದು ಜೊತೆ 130 ಅಡಿ ಇರಲಿ. ಗುಣಿಸಿದರೆ 19,500 ಚದರಡಿ. ಆದರೆ ಮೂಲೆಯಿಂದ ಎದುರುಮೂಲೆಗೆ ಹಿಡಿದ ಕರ್ಣ 140 ಅಡಿ ಬಂದಿತೆನ್ನಿ. ಆಗ ಉಳಿದ ಎರಡು ಮೂಲೆಗಳಿಂದ ಆ ಕರ್ಣಕ್ಕೆ ಇಳಿಸಿದ ಲಂಬಗಳು 120 ಅಡಿಯಂತೆ ಬರುವುವು. ತೋಟವು ಎರಡು ತ್ರಿಕೋನಗಳಾಯಿತು. ತ್ರಿಕೋನದ ಫಲವೆಂದರೆ ಪಾದ, ಲಂಬಗಳ ಗುಣಲಬ್ಧದಲ್ಲಿ ಅರ್ಧ. ಒಂದೊಂದೂ 8,400, ಒಟ್ಟು 16,800 ಚದರಡಿ. ವ್ಯತ್ಯಾಸ 2,700 ಚದರಡಿ, ಸುಮಾರು ಎರಡೂವರೆ ಗುಂಟೆ. ಒಂಬತ್ತು ಅಡಿಗೊಂದರಂತೆ ಅಡಿಕೆ ನೆಟ್ಟರೆ ಮರವೊಂದಕ್ಕೆ 81 ಚದರಡಿ. ಇಲ್ಲದ ಮೂವತ್ತಮೂರು ಮರಗಳ ನೆಲಕ್ಕೆ ಕೊಳ್ಳುವವನು ಹಣ ತೆತ್ತಂತಾಯಿತು!

ಪರಿಹಾರ ಕಷ್ಟದ್ದಲ್ಲ. ಅಂಚುಗಳೊಡನೆ ಒಂದು ಕರ್ಣವನ್ನೂ ಎಳೆದು ಅಳೆಯಬೇಕು. ಲಂಬಕ್ಕೆ ಬೇಕಾದ ನೇರ ಮೂಲೆಯನ್ನು ಮೂರು, ನಾಲ್ಕು, ಐದು ಮೊಳಗಳ ಭುಜಗಳುಳ್ಳ ಹಗ್ಗದ ತ್ರಿಕೋನವೇ ತೋರಿಸಿಕೊಡುವುದು. ಅಂಚು ಹಳ್ಳದಂತೆ ಬಳುಕಿದ್ದರೆ ಇನ್ನಷ್ಟು ತ್ರಿಕೋನಗಳನ್ನು ಮಾಡಿಕೊಳ್ಳಬೇಕು. ಇಳಿಜಾರಿನಲ್ಲಿ ಸರಪಣಿಯನ್ನು ನೆಲಕ್ಕೆ ಒರಗಿಸದೆ, ಮೆಟ್ಟಿಲು ಮೆಟ್ಟಿಲಾಗಿ ಮಟ್ಟಸವಾಗಿ ಹಿಡಿಯಬೇಕು. ಮೋಜಣಿಯ ಲೆಕ್ಕದಲ್ಲಿ ಎಣಿಕೆಗೆ ಬರುವುದು ಗುಡ್ಡದ ಮೈಯಲ್ಲ, ಅದರ ಅಡಿಯ ಹರವು.

ಅಣ್ಣತಮ್ಮಂದಿರು ಪಾಲಾಗುವಾಗ ಇಬ್ಬರಿಗೂ ಸಮನಾದ ಬೇಲಿ ಬಂದಿತೆಂದು ತೃಪ್ತಿಪಡುವುದುಂಟು. ಬೇಲಿ ಸಮವಾದರೆ ಪಾಲು ಸಮವಾಗದು. ಮನಸ್ತಾಪ ಹುಟ್ಟುವುದಕ್ಕೆ ಮೊದಲೇ ಮನೆಯ ಶಾಲಾಬಾಲಕನನ್ನು ಕರೆದು, ಅವನ ಕೈಗೊಂದು ಹಗ್ಗವನ್ನು ಕೊಟ್ಟು, ಕರ್ಣವನ್ನು ಅಳೆಯಿಸುವುದು ಲೇಸು.