ಓಡಿಹೋದ ಹುಡುಗ ಕಟ್ಟಿದ ರಂಗಾಯಣ

ಇಂಟರ್ನಲ್ಸ್‌ಗೆ ಎರಡೇ ದಿನ ಬಾಕಿ. ಆಗ ಗೆಳೆಯ ನನ್ನನ್ನು ರಂಗಾಯಣದ ಭೂಮಿಗೀತಕ್ಕೆ ಎಳೆದುಕೊಂಡು ಹೋದ. ಐದು ಸೆಮಿಸ್ಟರ್‌ನಿಂದ ಕಲಾಮಂದಿರದ ಮುಂದೆಯೇ ಕಾಲೇಜು ಬಸ್ಸಿನಲ್ಲಿ ಓಡಾಡಿದವನು ನಾನು, ಒಳಗೆ ಕಾಲಿಟ್ಟದ್ದು ಅಂದೇ. ನಾಟಕಕ್ಕಿಂತ ಹೆಚ್ಚಾಗಿ ರಂಗದ ಪಕ್ಕದಲ್ಲಿ ಕುಳಿತು ಹಾಡುತ್ತಿದ್ದ ಮೇಳ ನನ್ನನ್ನು ಹಿಡಿದಿಟ್ಟಿತು. ಪಕ್ಕದ ಸೀಟಿನ ಹಿರಿಯರು, ‘ಇದೆಲ್ಲ ಕಾರಂತರು ಹಾಕಿಕೊಟ್ಟ ದಾರಿ ಕಣಪ್ಪ’ ಎಂದರು. ‘ಶಿವರಾಮ ಕಾರಂತರಾ ಸಾರ್?’ ಎಂದು ಕೇಳಿ ಮಂಗನಾದೆ. ಅವರು ಹೇಳಿದ್ದು ಬಿ.ವಿ. ಕಾರಂತರ ಬಗ್ಗೆ!

ಮನೆಗೆ ಬಂದು ಪುಸ್ತಕ ಹುಡುಕಿದೆ, ಸಿಲಬಸ್‌ನದ್ದಲ್ಲ. ಬಾಬುಕೋಡಿ ವೆಂಕಟರಮಣ ಕಾರಂತರು ಹುಟ್ಟಿದ್ದು 1929ರಲ್ಲಿ, ಬಂಟ್ವಾಳದ ಬಳಿಯ ಮಂಚಿಯಲ್ಲಿ. ಮೂರನೇ ಕ್ಲಾಸಿನಲ್ಲೇ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಪಾತ್ರ ಮಾಡಿದ ಹುಡುಗ, ಮುಂದೆ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದ. ಅವನಲ್ಲೇನೋ ಇದೆ ಎಂದು ಕಂಡ ಗುಬ್ಬಿ ವೀರಣ್ಣನವರು ಎಂ.ಎ. ಓದಲು ಬನಾರಸ್‌ಗೆ ಕಳಿಸಿದರು. ಅಲ್ಲಿ ಹಿಂದಿಯ ಜತೆಗೆ ಓಂಕಾರನಾಥ ಠಾಕೂರರ ಬಳಿ ಸಂಗೀತವೂ ಆಯಿತು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. 1962ರಲ್ಲಿ ಅಲ್ಲಿಂದ ಹೊರಬಂದವರು, ಮುಂದೆ 1977ರಲ್ಲಿ ಅದೇ ಶಾಲೆಗೆ ನಿರ್ದೇಶಕರಾದರು.

ಈ ಕಥೆಯನ್ನು ಅಪ್ಪನಿಗೆ ಹೇಳಿದೆ. ಅವರಿಗೆ ಹಿಡಿಸಿದ್ದು ಎಂ.ಎ., ನನಗೆ ಓಡಿಹೋದದ್ದು. ‘ನೋಡು, ಮೊದಲು ಡಿಗ್ರಿ’ ಎಂದರು. ಡಿಗ್ರಿ ಮಾಡಿಸಿದ್ದು ನಾಟಕ ಕಂಪನಿಯ ಮಾಲೀಕರು ಎಂದು ನೆನಪಿಸಿದ್ದಕ್ಕೆ ಪೇಪರ್ ಓದುತ್ತಾ ಕುಳಿತರು.

ಕಂಬಾರರ ‘ಜೋಕುಮಾರಸ್ವಾಮಿ’, ಕಾರ್ನಾಡರ ‘ಹಯವದನ’, ಶ್ರೀರಂಗರ ‘ಸತ್ತವರ ನೆರಳು’ ಇವೆಲ್ಲ ಕಾರಂತರ ಕೈಯಲ್ಲಿ ಹಾಡಿ ಕುಣಿದ ನಾಟಕಗಳು. ಷೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ಅನ್ನು ಹಿಂದಿಯಲ್ಲಿ ‘ಬರ್ನಮ್ ವನ’ ಎಂದು ಮಾಡಿಸಿದಾಗ ನಟರಿಗೆ ಯಕ್ಷಗಾನದ ಹೆಜ್ಜೆ ಹಾಕಿಸಿದರು. ಹಾರ್ಮೋನಿಯಂ, ತಬಲಾ ಇದ್ದರೆ ಮಾತ್ರ ಸಂಗೀತ ಎಂದು ಅವರು ನಂಬಿರಲಿಲ್ಲ. ಕಲ್ಲು, ಕೋಲು, ತಗಡು, ಯಾವುದರಲ್ಲಾದರೂ ನಾಟಕಕ್ಕೆ ಬೇಕಾದ ಸದ್ದು ಹುಡುಕುತ್ತಿದ್ದರು. ಸಿಗ್ನಲ್ಸ್ ಪಾಠದಲ್ಲಿ ನಮಗೆ ‘ನಾಯ್ಸ್’ ತೆಗೆದುಹಾಕುವುದನ್ನು ಕಲಿಸುತ್ತಾರೆ, ಇವರು ಅದನ್ನೇ ಎತ್ತಿಟ್ಟುಕೊಂಡವರು. ಅಂದಹಾಗೆ, ನನ್ನ ಪೆದ್ದುತನಕ್ಕೂ ಒಂದು ಸಮಾಧಾನ ಸಿಕ್ಕಿತು. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು 1975ರಲ್ಲಿ ಸಿನಿಮಾ ಮಾಡಿ ಸ್ವರ್ಣಕಮಲ ತಂದವರು ಈ ಕಾರಂತರೇ.

ದೆಹಲಿಯಾದ ಮೇಲೆ ಭೋಪಾಲದ ಭಾರತ ಭವನ. ಅಲ್ಲಿನ ದಿನಗಳು ಕಹಿಯಾಗಿ ಮುಗಿದವು. ಬೇರೆಯವರಾದರೆ ಇನ್ನು ಸಾಕು ಎನ್ನುವ ವಯಸ್ಸು. ಆದರೆ 1989ರಲ್ಲಿ, ಅರವತ್ತರ ಕಾರಂತರು ಮೈಸೂರಿನಲ್ಲಿ ರಂಗಾಯಣ ಶುರು ಮಾಡಿದರು. ನಾನು ಇಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕೆನಿಸಿತು. ಸಂಜೆ ಕೆಲಸ ಮುಗಿಸಿ ಬಂದು ತಾಲೀಮು ಮಾಡುವ ಹವ್ಯಾಸಿಗಳ ನಾಡಿನಲ್ಲಿ, ನಟನೆಯನ್ನೇ ತಿಂಗಳ ಸಂಬಳದ ಕೆಲಸವಾಗಿಸಿದ ಸರ್ಕಾರಿ ರೆಪರ್ಟರಿ ಅದು. ಸ್ತಾನಿಸ್ಲಾವ್‌ಸ್ಕಿ 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಆರಂಭಿಸಿದ್ದೂ ಹೀಗೇ, ಕಾಯಂ ತಂಡ ಕಟ್ಟಿಕೊಂಡೇ. ಪು.ತಿ.ನ. ಅವರ ‘ಗೋಕುಲ ನಿರ್ಗಮನ’ವನ್ನೂ ಕಾರಂತರು ರಂಗಕ್ಕೆ ತಂದರು. ಅವರು ತೀರಿಕೊಂಡದ್ದು 2002ರ ಸೆಪ್ಟೆಂಬರ್ 1ರಂದು. ನಾನಾಗ ಹುಟ್ಟಿಯೇ ಇರಲಿಲ್ಲ.

ನನ್ನನ್ನು ಎಳೆದುಕೊಂಡು ಹೋದ ಗೆಳೆಯ ಈಗ ರಂಗಾಯಣದ ಒಂದು ವರ್ಷದ ರಂಗಶಿಕ್ಷಣ ಡಿಪ್ಲೊಮಾಗೆ ಅರ್ಜಿ ಹಾಕುತ್ತೇನೆ ಎನ್ನುತ್ತಿದ್ದಾನೆ. ಬಿಇ ಮುಗಿಸಿಯೋ, ಬಿಟ್ಟೋ ಎಂದು ಅವನ ಮನೆಯಲ್ಲಿ ದಿನವೂ ಜಗಳ. ‘ನೀನೇನಂತೀಯ?’ ಎಂದು ಕೇಳಿದ. ಪ್ಲೇಸ್‌ಮೆಂಟ್‌ಗೆ ರೆಸ್ಯುಮೆ ತಿದ್ದುತ್ತಾ ಕುಳಿತಿದ್ದ ನನ್ನ ಬಾಯಿಂದ ಉತ್ತರವೇ ಹೊರಡಲಿಲ್ಲ. ಬರುವ ಭಾನುವಾರದ ನಾಟಕಕ್ಕೆ ಮೂರು ಟಿಕೆಟ್ ತೆಗೆದಿದ್ದೇನೆ, ಒಂದು ಅಪ್ಪನಿಗೆ. ಇನ್ನೂ ಹೇಳಿಲ್ಲ.